ಮೂಳೆಯ ಲೆಕ್ಕ, ದುಡಿಮೆಯ ಲೆಕ್ಕ



ದತ್ತಿ ಉಪನ್ಯಾಸ ಎಂದರೆ ಸಂವಿಧಾನದ ಬಗ್ಗೆಯೋ ನ್ಯಾಯಾಂಗದ ಸ್ವಾತಂತ್ರ್ಯದ ಬಗ್ಗೆಯೋ ಮಾತಾಡುವುದು ರೂಢಿ. ನಾನು ಆರಿಸಿಕೊಂಡಿರುವುದು ಅಷ್ಟು ಎತ್ತರದ ವಿಷಯವಲ್ಲ. ರಸ್ತೆಯಲ್ಲಿ ಕಾರು ಗುದ್ದಿ ಕಾಲೋ ಕೈಯೋ ಮುರಿದುಕೊಂಡವರಿಗೆ ನ್ಯಾಯಾಲಯ ಕೊಡಿಸುವ ಪರಿಹಾರದ ಬಗ್ಗೆ ಮಾತಾಡುತ್ತೇನೆ. ನಮ್ಮ ಕೋರ್ಟುಗಳಲ್ಲಿ ಇದಕ್ಕೆ ಎಂ.ವಿ.ಸಿ. ಎನ್ನುತ್ತೇವೆ, ಊರಿನವರು ಆಕ್ಸಿಡೆಂಟ್ ಕೇಸು ಎನ್ನುತ್ತಾರೆ, ಕ್ಲೇಮು ಎನ್ನುತ್ತಾರೆ. ವಕೀಲರ ಸಂಘದಲ್ಲಿ ಇದಕ್ಕೆ ಅಂಥ ಮರ್ಯಾದೆಯೇನೂ ಇಲ್ಲ. ಸಿವಿಲ್ ದಾವೆ ನಡೆಸುವವರು ಇದನ್ನು ಗಣಿತದ ಕೆಲಸ ಎಂದು ನಗುತ್ತಾರೆ. ಆದರೆ ಜಮೀನಿಲ್ಲದ, ಆಸ್ತಿ ವಿಭಾಗದ ಗೊಡವೆಯೂ ಇಲ್ಲದ ಒಬ್ಬ ಕೂಲಿಕಾರ ತನ್ನ ಜೀವಮಾನದಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತುವುದಿದ್ದರೆ ಬಹುಮಟ್ಟಿಗೆ ಈ ಕೇಸಿಗಾಗಿಯೇ. ಅವನ ಮಟ್ಟಿಗೆ ಈ ದೇಶದ ನ್ಯಾಯಾಂಗ ಎಂದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ, ಅಷ್ಟೆ.

ಇವತ್ತು ನಾನು ಹೇಳಬೇಕೆಂದಿರುವುದು ಒಂದೇ ಮಾತು. ಗಾಯಾಳುವಿಗೆ ಸಿಗುವ ಪರಿಹಾರದ ಬಹುಪಾಲು ನಿಂತಿರುವುದು ಅವನು ಮಾಡುತ್ತಿದ್ದ ಕೆಲಸದ ಮೇಲೆ. ಕಾನೂನು ಇದನ್ನು ಸ್ಪಷ್ಟವಾಗಿ ಹೇಳಿದೆ. ಆದರೆ ನಮ್ಮ ಕಡತಗಳನ್ನು ಬಿಚ್ಚಿ ನೋಡಿದರೆ ಮೂಳೆಗೆ ಸಂಬಂಧಿಸಿದ ಸಾಕ್ಷ್ಯ ದಂಡಿಯಾಗಿರುತ್ತದೆ, ಕೆಲಸಕ್ಕೆ ಸಂಬಂಧಿಸಿದ ಸಾಕ್ಷ್ಯ ಒಂದು ಹಾಳೆಯಷ್ಟೂ ಇರುವುದಿಲ್ಲ.

ಸಾಮಾನ್ಯ ಕಡತವೊಂದರಲ್ಲಿ ಏನಿರುತ್ತದೆ ಎಂದು ಇಲ್ಲಿರುವ ವಿದ್ಯಾರ್ಥಿಗಳಿಗಾಗಿ ಹೇಳುತ್ತೇನೆ. ಎಫ್.ಐ.ಆರ್., ದೂರು, ಸ್ಥಳ ಮಹಜರು, ಕೈಯಲ್ಲಿ ಬರೆದ ಸ್ಕೆಚ್, ವಾಹನ ತಪಾಸಣೆಯ ಐ.ಎಂ.ವಿ. ರಿಪೋರ್ಟು, ಗಾಯದ ಪ್ರಮಾಣಪತ್ರ, ದೋಷಾರೋಪಣ ಪಟ್ಟಿ. ಅದರ ಹಿಂದೆ ಡಿಸ್ಚಾರ್ಜ್ ಸಮ್ಮರಿ, ಔಷಧಿ ಅಂಗಡಿಯ ಬಿಲ್ಲುಗಳ ಕಂತೆ, ಎಕ್ಸ್-ರೇ ಫಿಲ್ಮುಗಳು. ಕೊನೆಗೆ ಅಂಗವೈಕಲ್ಯದ ಸರ್ಟಿಫಿಕೇಟು. ಅರ್ಜಿದಾರ ಪಿ.ಡಬ್ಲ್ಯು. 1, ವೈದ್ಯರು ಪಿ.ಡಬ್ಲ್ಯು. 2. ಅರ್ಜಿದಾರನ ಅಫಿಡವಿಟ್ಟಿನಲ್ಲಿ ಒಂದು ವಾಕ್ಯ ತಪ್ಪದೇ ಇರುತ್ತದೆ: ನನಗೆ ಕುಕ್ಕರುಗಾಲಲ್ಲಿ ಕೂರಲು ಆಗುವುದಿಲ್ಲ, ಚಕ್ಕಳಮಕ್ಕಳ ಹಾಕಿ ಕೂರಲು ಆಗುವುದಿಲ್ಲ, ಮೆಟ್ಟಿಲು ಹತ್ತಲು ಆಗುವುದಿಲ್ಲ, ಭಾರ ಎತ್ತಲು ಆಗುವುದಿಲ್ಲ. ಮುರಿದಿರುವುದು ಮುಂಗೈ ಮೂಳೆಯಾದರೂ ಕೆಲವೊಮ್ಮೆ ಮೆಟ್ಟಿಲು ಹತ್ತಲು ಆಗುವುದಿಲ್ಲ ಎಂದೇ ಇರುತ್ತದೆ, ಏಕೆಂದರೆ ಆ ವಾಕ್ಯ ಕಂಪ್ಯೂಟರಿನಲ್ಲಿ ಮೊದಲೇ ಕೂತಿರುತ್ತದೆ. ಆಮೇಲೆ ವಿಮಾ ಕಂಪನಿಯ ವಕೀಲರು ಪಾಟೀಸವಾಲಿಗೆ ಏಳುತ್ತಾರೆ. ಅಲ್ಲಿಯೂ ಎಲ್ಲ ಮೊದಲೇ ಗೊತ್ತಿರುವ ವಾಕ್ಯಗಳೇ. ‘ನಾನು ಈಗ ಸಂಪೂರ್ಣ ಗುಣಮುಖನಾಗಿದ್ದು ಮೊದಲಿನಂತೆಯೇ ಕೆಲಸ ಮಾಡುತ್ತಿದ್ದೇನೆ ಎಂದರೆ ಸರಿಯಲ್ಲ.’ ‘ನನ್ನ ಆದಾಯಕ್ಕೆ ಯಾವುದೇ ದಾಖಲೆ ಹಾಜರುಪಡಿಸಿಲ್ಲ ಎಂದರೆ ಸರಿ.’ ‘ಹೆಚ್ಚಿನ ಪರಿಹಾರ ಪಡೆಯುವ ಸಲುವಾಗಿ ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ.’ ಮರುವಿಚಾರಣೆ ಇಲ್ಲ. ಸಾಕ್ಷಿ ಮುಗಿಯಿತು.

ಈ ಹತ್ತು ನಿಮಿಷದಲ್ಲಿ ಯಾರೂ ಕೇಳದೇ ಬಿಟ್ಟ ಪ್ರಶ್ನೆ ಒಂದಿದೆ. ಅಯ್ಯಾ, ನೀನು ಮಾಡುತ್ತಿದ್ದ ಕೆಲಸಕ್ಕೆ ಕುಕ್ಕರುಗಾಲಲ್ಲಿ ಕೂರಬೇಕಿತ್ತೇ? ನೆಲಕ್ಕೆ ಟೈಲ್ಸ್ ಕೂರಿಸುವವನಿಗೆ ದಿನವಿಡೀ ಅದೇ ಭಂಗಿ. ಹಸು ಕರೆಯುವವಳಿಗೂ ಅದೇ. ನಾಟಿ ಹಾಕುವವಳಿಗೆ ಸೊಂಟ ಬಗ್ಗಬೇಕು. ಬೀಡಿ ಕಟ್ಟುವವಳು ಕಾಲು ಮಡಚಿ ಗಂಟೆಗಟ್ಟಲೆ ಕೂರಬೇಕು. ಬ್ಯಾಂಕಿನ ಗುಮಾಸ್ತನಿಗೆ ಇದಾವುದೂ ಬೇಡ. ಅದೇ ಮೊಣಕಾಲು, ಅದೇ ರಾಡು, ಅದೇ ಸ್ಕ್ರೂ. ಒಬ್ಬರಿಗೆ ಅದು ನೋವು, ಇನ್ನೊಬ್ಬರಿಗೆ ಕಸುಬಿನ ಅಂತ್ಯ.

ಕಾನೂನು ಈ ವ್ಯತ್ಯಾಸವನ್ನು ಕಾಣದೆ ಕುಳಿತಿಲ್ಲ. 1939ರ ಮೋಟಾರು ವಾಹನ ಕಾಯಿದೆಗೆ 1956ರಲ್ಲಿ ತಿದ್ದುಪಡಿ ತಂದು ಪ್ರತ್ಯೇಕ ನ್ಯಾಯಮಂಡಳಿಗಳಿಗೆ ಅವಕಾಶ ಮಾಡಿದರು. ಅಲ್ಲಿಯವರೆಗೆ ಗಾಯಾಳು ಸಿವಿಲ್ ನ್ಯಾಯಾಲಯಕ್ಕೆ ಹೋಗಿ, ಕೇಳಿದ ಮೊತ್ತಕ್ಕೆ ತಕ್ಕ ಶುಲ್ಕ ಕಟ್ಟಿ ದಾವೆ ಹೂಡಬೇಕಿತ್ತು. 1988ರ ಕಾಯಿದೆ 1989ರ ಜುಲೈ 1ರಿಂದ ಜಾರಿಗೆ ಬಂತು. ಅದರ 168ನೇ ಕಲಂ ನ್ಯಾಯಮಂಡಳಿಗೆ ಹೇಳಿರುವುದು ಇಷ್ಟೇ: ನ್ಯಾಯಯುತ ಎಂದು ಕಂಡಷ್ಟು ಪರಿಹಾರ ನಿರ್ಧರಿಸು. ಎಷ್ಟು ಎಂದಾಗಲಿ, ಹೇಗೆ ಎಂದಾಗಲಿ ಕಾಯಿದೆ ಹೇಳಲಿಲ್ಲ. ಆ ಒಂದು ಮಾತಿನೊಳಗೆ ಏನು ಸೇರುತ್ತದೆ ಎಂಬುದನ್ನು ನ್ಯಾಯಾಧೀಶರು ಒಂದೊಂದೇ ತೀರ್ಪಿನಲ್ಲಿ ತುಂಬುತ್ತ ಬಂದರು.

ಇಲ್ಲಿ ಕರ್ನಾಟಕದ ಪಾಲು ದೊಡ್ಡದು. ಬೆಂಗಳೂರಿನಲ್ಲಿ ವಕೀಲರಾಗಿದ್ದು, 1993ರಲ್ಲಿ ನಮ್ಮ ಹೈಕೋರ್ಟಿನ ನ್ಯಾಯಮೂರ್ತಿಗಳಾಗಿ, ಮುಂದೆ ಸುಪ್ರೀಂ ಕೋರ್ಟಿಗೆ ಹೋದ ಆರ್.ವಿ. ರವೀಂದ್ರನ್ ಅವರು ಎರಡು ತೀರ್ಪು ಬರೆದರು. ಇವತ್ತು ದೇಶದ ಯಾವ ನ್ಯಾಯಮಂಡಳಿಯೂ ಅವೆರಡನ್ನು ಬಿಟ್ಟು ಹೆಜ್ಜೆ ಇಡುವುದಿಲ್ಲ. ವಕೀಲರು ಆ ತೀರ್ಪುಗಳನ್ನು ಅರ್ಜಿದಾರರ ಹೆಸರಿನಿಂದ ಕರೆಯುತ್ತಾರೆ. ಯಾವುದೋ ಮನೆಯ ಸಂಕಟದ ಹೆಸರು ನಮ್ಮ ಬಾಯಲ್ಲಿ ಸೂತ್ರವಾಗಿಬಿಟ್ಟಿದೆ. ನಾನು ಇವತ್ತು ಆ ಹೆಸರುಗಳನ್ನು ಎತ್ತದೆ ಮಾತಾಡುತ್ತೇನೆ. ಇಲ್ಲಿರುವ ವಕೀಲರಿಗೆ ಯಾವುದೆಂದು ತಿಳಿದೇ ತಿಳಿಯುತ್ತದೆ.

ಮೊದಲನೆಯದು 2009ರ ಏಪ್ರಿಲ್ ತೀರ್ಪು. ಅದು ಸಾವಿನ ಪ್ರಕರಣ. ಆದರೆ ಅದರಲ್ಲಿ ಕೊಟ್ಟ ಗುಣಕದ ಪಟ್ಟಿ, ಅಂದರೆ ವರ್ಷದ ಆದಾಯವನ್ನು ಯಾವ ವಯಸ್ಸಿಗೆ ಎಷ್ಟರಿಂದ ಗುಣಿಸಬೇಕು ಎಂಬ ಪಟ್ಟಿ, ಗಾಯದ ಪ್ರಕರಣಗಳಿಗೂ ಆಧಾರವಾಯಿತು. 25ರವರೆಗಿನ ವಯಸ್ಸಿಗೆ 18, 26ರಿಂದ 30ಕ್ಕೆ 17, 31ರಿಂದ 35ಕ್ಕೆ 16, ಹೀಗೆ ಇಳಿಯುತ್ತ 65 ದಾಟಿದವರಿಗೆ 5. ಅದಕ್ಕೂ ಮುಂಚೆ ಒಂದೊಂದು ಹೈಕೋರ್ಟಿನಲ್ಲಿ ಒಂದೊಂದು ಗುಣಕ ನಡೆಯುತ್ತಿತ್ತು. ಅದೃಷ್ಟ ಚೆನ್ನಾಗಿದ್ದ ಅರ್ಜಿದಾರನಿಗೆ ಹೆಚ್ಚು, ಇಲ್ಲದವನಿಗೆ ಕಡಿಮೆ.

ಎರಡನೆಯದು 2010ರ ಅಕ್ಟೋಬರ್ 18ರದ್ದು. ನನ್ನ ದೃಷ್ಟಿಯಲ್ಲಿ ಗಾಯದ ಪ್ರಕರಣಗಳಿಗೆ ಇದಕ್ಕಿಂತ ಮುಖ್ಯವಾದ ತೀರ್ಪಿಲ್ಲ. ಅರ್ಜಿದಾರ ಚೀಸ್ ಮಾರಿ ಬದುಕುತ್ತಿದ್ದ ಯುವಕ, ಎಡಗಾಲು ಮುರಿದಿತ್ತು. ಸರ್ಟಿಫಿಕೇಟಿನಲ್ಲಿ ಶೇ. 45ರಷ್ಟು ಊನ ಎಂದಿತ್ತು. ನ್ಯಾಯಮಂಡಳಿ ಅದನ್ನೇ ತೆಗೆದುಕೊಂಡು ದುಡಿಮೆಯ ನಷ್ಟವೂ ಶೇ. 45 ಎಂದುಬಿಟ್ಟಿತು. ಸುಪ್ರೀಂ ಕೋರ್ಟು ಇದನ್ನು ಒಪ್ಪಲಿಲ್ಲ. ಆ ಶೇ. 45 ಎಡಗಾಲಿಗೆ ಸಂಬಂಧಿಸಿದ್ದು, ಇಡೀ ದೇಹದ್ದಲ್ಲ. ದೇಹದ ಊನ ಎಷ್ಟಿದ್ದರೂ ದುಡಿಯುವ ಶಕ್ತಿಯ ನಷ್ಟ ಅಷ್ಟೇ ಇರಬೇಕೆಂದಿಲ್ಲ. ಆತ ಚೀಸ್ ಮಾರುವುದನ್ನು ನಿಲ್ಲಿಸಬೇಕಾದ ಸ್ಥಿತಿಯಲ್ಲಿಲ್ಲ, ತೊಂದರೆಯಾಗುತ್ತದೆ ಅಷ್ಟೆ ಎಂದು ಶೇ. 20ಕ್ಕೆ ನಿಲ್ಲಿಸಿತು.

ಇಲ್ಲಿಗೆ ಓದಿ ನಿಲ್ಲಿಸಿದವರು ಇದನ್ನು ವಿಮಾ ಕಂಪನಿಗಳ ಪರವಾದ ತೀರ್ಪು ಎಂದುಕೊಳ್ಳುತ್ತಾರೆ. ಹಾಗೆ ಓದುವುದು ಅರ್ಧ ಓದು. ಎಡಗೈ ಕಳೆದುಕೊಂಡವನು ಚಾಲಕನೋ ಬಡಗಿಯೋ ಆಗಿದ್ದರೆ ಅವನ ದುಡಿಮೆಯ ನಷ್ಟ ಹೆಚ್ಚುಕಡಿಮೆ ಪೂರ್ತಿ. ಸರ್ಕಾರಿ ಕಚೇರಿಯ ಗುಮಾಸ್ತನಾಗಿದ್ದರೆ ಕೆಲಸ ಉಳಿಯಬಹುದು ಎಂದೂ ಅದೇ ತೀರ್ಪು ಹೇಳುತ್ತದೆ. ಅಂದರೆ ಶೇಕಡಾ ಪ್ರಮಾಣ ಇಳಿಯಬಹುದು, ಏರಲೂಬಹುದು. ಮೂರು ಹೆಜ್ಜೆಯ ವಿಚಾರಣೆ ಬೇಕು ಎಂದಿತು: ಊನದ ನಂತರವೂ ಆತ ಯಾವ ಕೆಲಸ ಮಾಡಬಲ್ಲ, ಯಾವುದನ್ನು ಮಾಡಲಾರ, ಮೊದಲು ಅವನ ವೃತ್ತಿ ಏನಿತ್ತು, ವಯಸ್ಸೆಷ್ಟು, ಈಗ ಅವನಿಗೆ ಜೀವನೋಪಾಯವೇ ತಪ್ಪಿದೆಯೋ, ಹಳೆಯ ಕೆಲಸವನ್ನೇ ಮಾಡಬಹುದೋ, ಇಲ್ಲ ಕಡಿಮೆ ದರ್ಜೆಯ ಬೇರೆ ಕೆಲಸ ಹುಡುಕಿಕೊಳ್ಳಬೇಕೋ. ಚಿಕಿತ್ಸೆ ಕೊಡದ ವೈದ್ಯರು ಸಿದ್ಧವಾಗಿಟ್ಟುಕೊಂಡು ಹಂಚುವ ಸರ್ಟಿಫಿಕೇಟುಗಳ ಬಗ್ಗೆಯೂ ಎಚ್ಚರಿಕೆ ಕೊಟ್ಟಿತು. ವೈದ್ಯರ ಸಾಕ್ಷ್ಯ ನಡೆಯುವಾಗ ನ್ಯಾಯಮಂಡಳಿ ಮೂಕಪ್ರೇಕ್ಷಕನಾಗಬಾರದು, ತಾನೇ ಪ್ರಶ್ನೆ ಕೇಳಬೇಕು ಎಂದಿತು.

ಈಗ ನಮ್ಮ ಜಿಲ್ಲಾ ನ್ಯಾಯಮಂಡಳಿಗಳಲ್ಲಿ ಏನು ನಡೆಯುತ್ತದೆ ನೋಡಿ. ಮೂರು ಹೆಜ್ಜೆಯ ಜಾಗದಲ್ಲಿ ಮೂರನೇ ಒಂದರ ಸೂತ್ರ ಬಂದು ಕೂತಿದೆ. ವೈದ್ಯರು ಕಾಲಿಗೆ ಶೇ. 36 ಎಂದರೆ ಇಡೀ ದೇಹಕ್ಕೆ ಅದರ ಮೂರನೇ ಒಂದು ಭಾಗ, ಶೇ. 12. ಅದನ್ನೇ ದುಡಿಮೆಯ ನಷ್ಟ ಎಂದು ಬರೆಯುವುದು. ಈ ಮೂರನೇ ಒಂದು ಕಾಯಿದೆಯಲ್ಲಿ ಇಲ್ಲ. ಲೆಕ್ಕಕ್ಕೆ ಸುಲಭ, ಮೇಲ್ಮನವಿಯಲ್ಲಿ ಯಾರೂ ಆಕ್ಷೇಪ ಎತ್ತುವುದಿಲ್ಲ, ಆದ್ದರಿಂದ ಉಳಿದಿದೆ. ಆದರೆ ಕಾಲಿನಿಂದ ದೇಹಕ್ಕೆ ಹೋಗುವುದು ಒಂದು ಹೆಜ್ಜೆ, ದೇಹದಿಂದ ದುಡಿಮೆಗೆ ಹೋಗುವುದು ಇನ್ನೊಂದು. ಎರಡನೆಯ ಹೆಜ್ಜೆಯನ್ನು ನಾವು ಇಡುವುದೇ ಇಲ್ಲ.

ಒಂದು ಲೆಕ್ಕ ಮಾಡಿ ನೋಡೋಣ. ಕಲ್ಪನೆಯ ಮನುಷ್ಯ, ಆದರೆ ನಿಮ್ಮ ಊರಿನಲ್ಲೂ ಇದ್ದಾನೆ. ದಾವಣಗೆರೆಯ ಕಡೆಯ ಗಾರೆ ಕೆಲಸದವ, ವಯಸ್ಸು 32. ತಿಂಗಳಿಗೆ 15,000 ರೂಪಾಯಿ ದುಡಿಮೆ ಎಂದು ನ್ಯಾಯಮಂಡಳಿ ಒಪ್ಪಿತು ಎಂದಿಟ್ಟುಕೊಳ್ಳಿ. 2017ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟಿನ ಐವರ ಪೀಠ ಸಾವಿನ ಪ್ರಕರಣವೊಂದರಲ್ಲಿ ಹೇಳಿದಂತೆ, ಸ್ವಂತ ದುಡಿಮೆಯವರಿಗೆ 40ರ ಒಳಗಿನ ವಯಸ್ಸಾದರೆ ಮುಂದಿನ ಏರಿಕೆಗೆಂದು ಶೇ. 40 ಸೇರಿಸಬೇಕು. ಅಲ್ಲಿಗೆ ತಿಂಗಳಿಗೆ 21,000, ವರ್ಷಕ್ಕೆ 2,52,000. ಗುಣಕ 16. ಗುಣಿಸಿದರೆ 40,32,000. ಇದರ ಶೇ. 12 ಎಂದರೆ 4,83,840 ರೂಪಾಯಿ. ಸೂತ್ರದ ಲೆಕ್ಕದಲ್ಲಿ ಅವನಿಗೆ ಮುಂದಿನ ದುಡಿಮೆಯ ಬಾಬ್ತು ಸಿಗುವುದು ಇಷ್ಟು.

ಇನ್ನು ಎರಡನೆಯ ಹೆಜ್ಜೆ ಇಟ್ಟು ನೋಡಿ. ಆತ ಸಾರವೆ ಹತ್ತಿ ಗೋಡೆಗೆ ಗಿಲಾವು ಮಾಡುತ್ತಿದ್ದ. ಮೊಣಕಾಲು ಪೂರ್ತಿ ಮಡಚದವನನ್ನು ಯಾವ ಮೇಸ್ತ್ರಿಯೂ ಸಾರವೆಗೆ ಹತ್ತಿಸುವುದಿಲ್ಲ. ಬಿದ್ದರೆ ತನ್ನ ತಲೆಗೆ ಬರುತ್ತದೆಂದು ಹೆದರುತ್ತಾನೆ. ಇನ್ನು ಅವನಿಗೆ ಉಳಿಯುವುದು ಕೆಳಗೆ ನಿಂತು ಕಲಸು ಕಲಸುವ, ನೀರು ಹೊಡೆಯುವ ಆಳಿನ ಕೆಲಸ, ಆಳಿನ ಕೂಲಿ. ಈ ಮಾತನ್ನು ಮೇಸ್ತ್ರಿಯೇ ಬಂದು ಹೇಳಿದರೆ, ದುಡಿಮೆಯ ನಷ್ಟ ಶೇ. 40 ಎಂದು ನ್ಯಾಯಮಂಡಳಿ ಒಪ್ಪಲು ಅಡ್ಡಿಯೇನಿಲ್ಲ. ಆಗ ಅದೇ ಬಾಬ್ತು 16,12,800 ರೂಪಾಯಿ. ವೈದ್ಯರ ಶೇ. 36ರಲ್ಲಿ ಒಂದಂಶವೂ ಬದಲಾಗಿಲ್ಲ. ಎಕ್ಸ್-ರೇ ಅದೇ. ಹನ್ನೊಂದು ಲಕ್ಷಕ್ಕೂ ಮೀರಿದ ಈ ವ್ಯತ್ಯಾಸ ಹುಟ್ಟಿದ್ದು ಒಬ್ಬ ಸಾಕ್ಷಿಯಿಂದ.

ವಿಮಾ ಕಂಪನಿಯ ವಕೀಲ ಮಿತ್ರರು ಕೂತಿದ್ದಾರೆ, ಮುಗುಳ್ನಗುತ್ತಿದ್ದಾರೆ. ಮೇಸ್ತ್ರಿ ಅರ್ಜಿದಾರನ ಕಡೆಯವನೇ ಅಲ್ಲವೇ, ಹೇಳಿಕೊಟ್ಟದ್ದನ್ನು ಹೇಳುತ್ತಾನೆ ಎನ್ನಬಹುದು. ಹೇಳಲಿ, ಪಾಟೀಸವಾಲು ಮಾಡಿ. ಅದಕ್ಕೇ ತಾನೆ ನೀವಿರುವುದು? ಈಗಿನ ಪದ್ಧತಿಯಲ್ಲಿ ಪಾಟೀಸವಾಲಿಗೆ ಆ ಸಾಕ್ಷಿಯೇ ಇಲ್ಲ.

2020ರ ಸೆಪ್ಟೆಂಬರಿನಲ್ಲಿ ಬಂದ ಇನ್ನೊಂದು ತೀರ್ಪನ್ನು ಇದರ ಜೊತೆಗಿಟ್ಟು ಓದಬೇಕು. ಟೈಪಿಂಗ್ ಮಾಡಿ ಬದುಕುತ್ತಿದ್ದ ಯುವಕನೊಬ್ಬ ಕೈ ಕಳೆದುಕೊಂಡಿದ್ದ. ಹೈಕೋರ್ಟು ದುಡಿಮೆಯ ನಷ್ಟ ಶೇ. 45 ಎಂದಿತ್ತು, ಸುಪ್ರೀಂ ಕೋರ್ಟು ಶೇ. 65 ಎಂದಿತು. ಮುಂದಿನ ಏರಿಕೆಯ ಶೇಕಡಾವಾರು ಸತ್ತವರಿಗೆ ಮಾತ್ರ, ಬದುಕಿ ಉಳಿದ ಗಾಯಾಳುಗಳಿಗಲ್ಲ ಎಂಬ ವಾದವನ್ನೂ ತಳ್ಳಿಹಾಕಿತು. ಬದುಕಿ ಉಳಿದವನ ಆದಾಯ ಏರುವುದಿಲ್ಲ ಎಂದು ಯಾರಾದರೂ ಏಕೆ ವಾದಿಸಿದರು ಎಂಬುದು ನನಗೆ ಇವತ್ತಿಗೂ ಸೋಜಿಗ.

ಆದಾಯದ ಪ್ರಶ್ನೆಗೆ ಬರುತ್ತೇನೆ. ‘ಯಾವುದೇ ದಾಖಲೆ ಹಾಜರುಪಡಿಸಿಲ್ಲ ಎಂದರೆ ಸರಿ.’ ಕೂಲಿಕಾರನಿಗೆ ಸಂಬಳದ ಚೀಟಿ ಯಾರು ಕೊಡುತ್ತಾರೆ? ಶನಿವಾರ ಸಂಜೆ ಬಟವಾಡೆ, ಕೈಗೆ ನೋಟು, ಅಲ್ಲಿಗೆ ಮುಗಿಯಿತು. ಈ ವಿಷಯದಲ್ಲೂ ನಮ್ಮ ನಾಡಿನ ನ್ಯಾಯಮೂರ್ತಿಗಳ ಎರಡು ತೀರ್ಪುಗಳು ಮುಖ್ಯ. 2004ರಲ್ಲಿ ಗಾಯಗೊಂಡ 35ರ ಹರೆಯದ ಕೂಲಿಕಾರನೊಬ್ಬ ತನಗೆ ತಿಂಗಳಿಗೆ 4,500 ರೂಪಾಯಿ ಬರುತ್ತಿತ್ತು ಎಂದ. ಆ ಕಾಲಕ್ಕೆ ದಿನಗೂಲಿ ನೂರು ರೂಪಾಯಿ ಇದ್ದೀತು ಎಂದು ಊಹಿಸಿ ನ್ಯಾಯಮಂಡಳಿ 3,000ಕ್ಕೆ ಇಳಿಸಿತು. 2011ರಲ್ಲಿ ಸುಪ್ರೀಂ ಕೋರ್ಟು, ನ್ಯಾಯಮೂರ್ತಿ ಎಚ್.ಎಲ್. ದತ್ತು ಅವರಿದ್ದ ಪೀಠ, ಅವನು ಕೇಳಿದ್ದು ಅತಿಯಾದದ್ದಲ್ಲ, ಅಂಥವನಿಂದ ದಾಖಲೆ ನಿರೀಕ್ಷಿಸಲಾಗದು ಎಂದು 4,500ನ್ನೇ ಒಪ್ಪಿತು. ಅದಾದ ಮೇಲೆ ಬಲಗಾಲು ಕಳೆದುಕೊಂಡ ತರಕಾರಿ ವ್ಯಾಪಾರಿಯ ಪ್ರಕರಣ. ತರಕಾರಿ ಮಾರುವವನ ಹತ್ತಿರ ಆದಾಯದ ದಾಖಲೆ ಕೇಳುವುದಕ್ಕೆ ಕಾರಣವೇ ಇಲ್ಲ ಎಂದ ನ್ಯಾಯಮೂರ್ತಿ ವಿ. ಗೋಪಾಲ ಗೌಡ ಅವರಿದ್ದ ಪೀಠ ತಿಂಗಳಿಗೆ 6,500 ರೂಪಾಯಿ ಎಂದು ಹಿಡಿಯಿತು. ದುಡಿಮೆಯ ನಷ್ಟವನ್ನು ಶೇ. 85ಕ್ಕೆ ಏರಿಸಿತು. ತರಕಾರಿ ಗಾಡಿ ತಳ್ಳಲು, ಮಾರುಕಟ್ಟೆಯಿಂದ ಮೂಟೆ ತರಲು ಎರಡು ಕಾಲು ಬೇಕು ಎಂಬುದು ಮೂಳೆ ತಜ್ಞರು ಹೇಳಬೇಕಾದ ವಿಷಯವಲ್ಲ.

ಈ ತೀರ್ಪುಗಳ ನಂತರ ಕೆಲಸ ಸುಲಭವಾಗಿದೆ, ಸುಲಭವಾಗಿರುವುದೇ ತೊಂದರೆಯೂ ಆಗಿದೆ. ಕರ್ನಾಟಕ ರಾಜ್ಯ ಕಾನೂನು ಸೇವಾ ಪ್ರಾಧಿಕಾರ ಲೋಕ ಅದಾಲತ್‌ಗಳಲ್ಲಿ ರಾಜಿಗೆ ಅನುಕೂಲವಾಗಲೆಂದು ವರ್ಷವಾರು ಕಾಲ್ಪನಿಕ ಆದಾಯದ ಒಂದು ಪಟ್ಟಿ ಇಟ್ಟುಕೊಂಡಿದೆ. ದಾಖಲೆ ಇಲ್ಲದಿದ್ದರೆ ಹೈಕೋರ್ಟು ಕೂಡ ಆ ಪಟ್ಟಿಯನ್ನೇ ನೋಡುತ್ತದೆ. ಒಳ್ಳೆಯದೇ; ಊಹೆಯ ಅಂಕಿಗಿಂತ ಇದು ಮೇಲು. ಆದರೆ ಪಟ್ಟಿಯಲ್ಲಿ ವರ್ಷ ಇದೆ, ಕೆಲಸ ಇಲ್ಲ. ಟೈಲ್ಸ್ ಕೂರಿಸುವ ನುರಿತ ಕೆಲಸಗಾರನೂ ರಾತ್ರಿ ಕಾವಲುಗಾರನೂ ಅಲ್ಲಿ ಒಂದೇ. ಪಟ್ಟಿ ಇದೆಯಲ್ಲ ಎಂದು ವಕೀಲರು ಆದಾಯಕ್ಕೆ ಸಾಕ್ಷ್ಯ ತರುವುದನ್ನೇ ಬಿಟ್ಟಿದ್ದಾರೆ. ಯಾರಿಗೂ ಏನೂ ತೋರಿಸಲಾಗದಿದ್ದಾಗ ಒದಗಬೇಕಾದ ಕನಿಷ್ಠ ಮಟ್ಟ ಈಗ ಗರಿಷ್ಠವಾಗಿ ಕೂತಿದೆ. ಗುತ್ತಿಗೆದಾರರ ಹಾಜರಿ ಪುಸ್ತಕ, ಕಟ್ಟಡ ಕಾರ್ಮಿಕರ ಮಂಡಳಿಯ ಗುರುತಿನ ಚೀಟಿ, ಮೊಬೈಲಿನಲ್ಲಿ ಬಂದ ಹಣದ ವಿವರ, ಸ್ತ್ರೀಶಕ್ತಿ ಸಂಘದ ಸಾಲದ ಕಂತು ಕಟ್ಟಿದ ಪುಸ್ತಕ, ಇವೆಲ್ಲ ಸಾಕ್ಷ್ಯವೇ.

ಮನೆಯೊಳಗೆ ದುಡಿಯುವ ಹೆಂಗಸಿನ ವಿಷಯದಲ್ಲಿ ನಮ್ಮ ಕಾನೂನಿನ ಚರಿತ್ರೆ ಹೆಮ್ಮೆಪಡುವಂಥದ್ದಲ್ಲ. 1994ರ ತಿದ್ದುಪಡಿಯೊಂದಿಗೆ ಬಂದ ಎರಡನೇ ಅನುಸೂಚಿ, ಆದಾಯವಿಲ್ಲದವರಿಗೆ ವರ್ಷಕ್ಕೆ 15,000 ರೂಪಾಯಿ ಎಂದಿತ್ತು. ಗೃಹಿಣಿಯಾದರೆ ದುಡಿಯುವ ಗಂಡನ ಆದಾಯದ ಮೂರನೇ ಒಂದು. ಅಂದರೆ ಒಂದೇ ರೀತಿಯ ಅಡುಗೆ, ಒಂದೇ ರೀತಿಯ ಕಸಮುಸುರೆ, ಗಂಡ ಬಡವನಾದರೆ ಅದರ ಬೆಲೆಯೂ ಕಡಿಮೆ. 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಗೃಹಿಣಿಯ ದುಡಿಮೆಗೆ ಬೆಲೆ ಕಟ್ಟುವ ಬಗ್ಗೆ ವಿಸ್ತಾರವಾಗಿ ಬರೆಯಿತು. ನ್ಯಾಯಮೂರ್ತಿ ಎನ್.ವಿ. ರಮಣ ಅವರು ಅಲ್ಲಿ 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಅಂಕಿ ಕೊಟ್ಟರು: ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 299 ನಿಮಿಷ ವ್ಯಯಿಸಿದರೆ ಗಂಡಸರು 97 ನಿಮಿಷ. ಅದು ಸಾವಿನ ಪ್ರಕರಣ. ಗಾಯದ ಪ್ರಕರಣದಲ್ಲಿ ಈ ಮಾತು ಇನ್ನೂ ಎದ್ದುಕಾಣಬೇಕು. ಸೊಂಟ ಮುರಿದ ಗೃಹಿಣಿಯ ಮನೆಗೆ ಮರುದಿನದಿಂದಲೇ ಕೆಲಸದವಳು ಬರುತ್ತಾಳೆ, ಇಲ್ಲವೇ ಮಗಳು ಶಾಲೆ ಬಿಡುತ್ತಾಳೆ. ಎರಡಕ್ಕೂ ಸಾಕ್ಷ್ಯ ಸಿಗುತ್ತದೆ. ಕೇಳಿದ ವಕೀಲರನ್ನು ನಾನು ಹೆಚ್ಚು ಕಂಡಿಲ್ಲ.

ಮಕ್ಕಳ ಗಾಯಕ್ಕೆ 2013ರಲ್ಲಿ ಸುಪ್ರೀಂ ಕೋರ್ಟು ಊನದ ಪ್ರಮಾಣಕ್ಕೆ ತಕ್ಕಂತೆ ಒಂದು ಲಕ್ಷದಿಂದ ಆರು ಲಕ್ಷದವರೆಗೆ ನಿಗದಿತ ಮೊತ್ತ ಹೇಳಿತ್ತು. 2020ರ ಫೆಬ್ರವರಿಯಲ್ಲಿ ಬಂದ ಇನ್ನೊಂದು ತೀರ್ಪನ್ನು ಓದಿದರೆ ಆ ಮೊತ್ತ ಎಷ್ಟು ಸಣ್ಣದು ಎಂದು ತಿಳಿಯುತ್ತದೆ. ಪಂಜಾಬ್ ಮತ್ತು ಹರಿಯಾಣ ಹೈಕೋರ್ಟಿನಿಂದ ಬಂದ ಮೇಲ್ಮನವಿ. ಹನ್ನೆರಡು ವರ್ಷದ ಹುಡುಗಿ, ಮಿದುಳಿಗೆ ಪೆಟ್ಟು; ವೈದ್ಯರ ಪ್ರಕಾರ ಆಕೆಯ ತಿಳಿವಳಿಕೆ ಒಂಬತ್ತು ತಿಂಗಳ ಮಗುವಿನಷ್ಟು. ಇನ್ನು ಆಕೆಯನ್ನು ಯಾರಾದರೂ ಹಗಲೂ ರಾತ್ರಿ ನೋಡಿಕೊಳ್ಳಬೇಕು. ನ್ಯಾಯಮೂರ್ತಿ ದೀಪಕ್ ಗುಪ್ತಾ ಅವರಿದ್ದ ಪೀಠ ನೋಡಿಕೊಳ್ಳುವವರ ಖರ್ಚಿಗೂ ಗುಣಕ ಹಾಕಿತು. ಇಬ್ಬರಿಗೆ ತಿಂಗಳಿಗೆ ತಲಾ 5,000ದಂತೆ, 18ರ ಗುಣಕದಲ್ಲಿ 21,60,000. ಹೈಕೋರ್ಟು 25 ಲಕ್ಷ ಚಿಲ್ಲರೆ ಕೊಟ್ಟಿದ್ದ ಜಾಗದಲ್ಲಿ ಒಟ್ಟು 62,27,000 ರೂಪಾಯಿ ಆಯಿತು. ಆ ತೀರ್ಪನ್ನು ವಿದ್ಯಾರ್ಥಿಗಳು ಪೂರ್ತಿ ಓದಬೇಕು. ಇಲ್ಲೂ ಎಣಿಕೆಗೆ ಸಿಕ್ಕಿದ್ದು ದುಡಿಮೆಯೇ, ಆ ಹುಡುಗಿಯ ತಾಯಿ ಸಂಬಳವಿಲ್ಲದೆ ಮಾಡಬೇಕಿದ್ದ ದುಡಿಮೆ.

ನೋವು, ಸಂಕಟ, ಬದುಕಿನ ಸುಖದ ನಷ್ಟ, ಇವಕ್ಕೂ ಪರಿಹಾರವಿದೆ. ಕಾರು ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವರೊಬ್ಬರ ಪ್ರಕರಣದಲ್ಲಿ 1995ರಲ್ಲಿ ಸುಪ್ರೀಂ ಕೋರ್ಟು ಹಣದ ನಷ್ಟ ಬೇರೆ, ಹಣದಲ್ಲಿ ಅಳೆಯಲಾಗದ ನಷ್ಟ ಬೇರೆ ಎಂದು ವಿಂಗಡಿಸಿ ತೋರಿಸಿದ್ದು ಇವತ್ತಿಗೂ ಚೌಕಟ್ಟು. ಇದರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಮೂಳೆಗೆ ಇಷ್ಟು ಎಂಬ ರೂಢಿ ದರದಲ್ಲಿ ಅದು ನಡೆದುಹೋಗುತ್ತಿದೆ.

ಪರಿಹಾರ ಒಂದೇ ಸಲಕ್ಕೆ ಎಂಬುದನ್ನು ಮಾತ್ರ ಮರೆಯಬಾರದು. ಒಮ್ಮೆ ಅಂತಿಮ ಆದೇಶವಾದ ಮೇಲೆ, ಐದು ವರ್ಷದ ನಂತರ ಕೃತಕ ಕಾಲು ಸವೆದಿದೆ ಎಂದು ಮತ್ತೆ ಹೋಗಿ ಕೇಳಲು ಕಾಯಿದೆಯಲ್ಲಿ ದಾರಿ ಇಲ್ಲ. ಆದ್ದರಿಂದಲೇ ಮುಂದಿನ ಚಿಕಿತ್ಸೆಯ ಖರ್ಚನ್ನು ಈಗಲೇ ಕೊಡಬೇಕು, ಅರ್ಜಿದಾರ ಕೇಳಿದ್ದಕ್ಕಿಂತ ಹೆಚ್ಚು ಕೊಡಲೂ ಅಡ್ಡಿಯಿಲ್ಲ ಎಂದು 2002ರ ಡಿಸೆಂಬರಿನಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಕೃತಕ ಕಾಲು ಜೀವಮಾನದಲ್ಲಿ ಎಷ್ಟು ಸಲ ಬದಲಾಯಿಸಬೇಕು, ರಿಪೇರಿಗೆ ಎಷ್ಟು ಎಂದು ವೈದ್ಯರನ್ನು ಕೇಳಿ ದಾಖಲಿಸಿಕೊಳ್ಳಬೇಕು. ಮುಖ್ಯ ವಿಚಾರಣೆಯಲ್ಲಿ ಎರಡು ಪ್ರಶ್ನೆ ಸಾಕು.

ಇನ್ನು 2019ರ ತಿದ್ದುಪಡಿ. ಪರಿಹಾರಕ್ಕೆ ಸಂಬಂಧಿಸಿದ ಅದರ ಭಾಗಗಳು 2022ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ. ಯಾರ ತಪ್ಪು ಎಂದು ಸಾಬೀತು ಮಾಡದೆಯೇ ತೀವ್ರ ಗಾಯಕ್ಕೆ ಎರಡೂವರೆ ಲಕ್ಷ, ಸಾವಿಗೆ ಐದು ಲಕ್ಷ ಕೇಳಬಹುದು. ಗುದ್ದಿ ಪರಾರಿಯಾದ ವಾಹನದ ಪ್ರಕರಣದಲ್ಲಿ ಹಿಂದಿದ್ದ 12,500 ಮತ್ತು 25,000 ಈಗ 50,000 ಮತ್ತು ಎರಡು ಲಕ್ಷ. ಪೊಲೀಸರು ವಿವರವಾದ ಅಪಘಾತ ವರದಿಯನ್ನು ತೊಂಬತ್ತು ದಿನಗಳೊಳಗೆ ನ್ಯಾಯಮಂಡಳಿಗೆ ಕೊಡಬೇಕು, ಆ ವರದಿಯನ್ನೇ ಅರ್ಜಿ ಎಂದು ಪರಿಗಣಿಸಬೇಕು. ಕಾಗದದ ಮೇಲೆ ಇದು ಸೊಗಸಾದ ವ್ಯವಸ್ಥೆ. ಠಾಣೆಯಲ್ಲಿ ಒಬ್ಬ ಎ.ಎಸ್.ಐ. ಮೇಲೆ ಎಷ್ಟು ಕೇಸಿರುತ್ತದೆ ಎಂದು ಬಲ್ಲವರಿಗೆ ಆ ತೊಂಬತ್ತು ದಿನ ಹೇಗೆ ಕಳೆಯುತ್ತದೆ ಎಂದು ಹೇಳಬೇಕಾದ್ದಿಲ್ಲ. 2025ರ ಮೇ ತಿಂಗಳಿಂದ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ ಒಂದೂವರೆ ಲಕ್ಷದ ತನಕ ನಗದುರಹಿತ ಚಿಕಿತ್ಸೆಯ ಕೇಂದ್ರ ಯೋಜನೆಯೂ ಬಂದಿದೆ. ನಮ್ಮ ರಾಜ್ಯ 2016ರಲ್ಲೇ ಸಾಂತ್ವನ ಹರೀಶ್ ಯೋಜನೆಯಲ್ಲಿ ಮೊದಲ 48 ಗಂಟೆಗಳಿಗೆ 25,000 ರೂಪಾಯಿವರೆಗಿನ ಚಿಕಿತ್ಸೆ ಘೋಷಿಸಿತ್ತು.

ತಿದ್ದುಪಡಿಯ ಒಂದು ಸಣ್ಣ ಉಪಕಲಂ ನಮ್ಮ ಹೈಕೋರ್ಟಿನ ಹಳೆಯ ತೀರ್ಪೊಂದರ ಕಠಿಣತೆಯನ್ನು ಅಳಿಸಿಹಾಕಿತು. ಗಾಯಾಳು ಅರ್ಜಿ ಹಾಕಿ, ಅದು ಇತ್ಯರ್ಥವಾಗುವ ಮೊದಲು ಬೇರೆ ಯಾವುದೋ ಕಾರಣದಿಂದ ತೀರಿಕೊಂಡರೆ ಗಾಯದ ಪರಿಹಾರದ ಹಕ್ಕೂ ಅವನೊಂದಿಗೇ ಹೋಗುತ್ತದೆ ಎಂದು 1990ರಲ್ಲಿ ಕರ್ನಾಟಕ ಹೈಕೋರ್ಟಿನ ಪೂರ್ಣಪೀಠ ಹೇಳಿತ್ತು. ಕೇಸು ಎಳೆದಷ್ಟೂ ಎದುರು ಪಕ್ಷಕ್ಕೆ ಲಾಭ ಎಂಬಂಥ ಪರಿಸ್ಥಿತಿ ಅದು. ಈಗ 166ನೇ ಕಲಮಿನ 5ನೇ ಉಪಕಲಂ ಪ್ರಕಾರ ಸಾವಿಗೂ ಗಾಯಕ್ಕೂ ಸಂಬಂಧವಿರಲಿ ಬಿಡಲಿ, ಹಕ್ಕು ವಾರಸುದಾರರಿಗೆ ಉಳಿಯುತ್ತದೆ. ಸಂಸತ್ತು ಮಾಡಿದ ಒಳ್ಳೆಯ ಕೆಲಸ, ತಡವಾಗಿ.

ಕೆಟ್ಟದ್ದು ಆರು ತಿಂಗಳ ಗಡುವು. 1994ರಲ್ಲಿ ಸಂಸತ್ತೇ ಕಾಲಮಿತಿಯನ್ನು ತೆಗೆದುಹಾಕಿತ್ತು. ಈಗ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕದಿದ್ದರೆ ನ್ಯಾಯಮಂಡಳಿ ಅದನ್ನು ತೆಗೆದುಕೊಳ್ಳುವಂತಿಲ್ಲ ಎಂದಿದೆ. ತೊಡೆಮೂಳೆ ಮುರಿದವನು ಆರು ತಿಂಗಳಲ್ಲಿ ಊರುಗೋಲು ಬಿಟ್ಟಿರುವುದಿಲ್ಲ. ಎರಡನೇ ಶಸ್ತ್ರಚಿಕಿತ್ಸೆ ಬಾಕಿ ಇರುತ್ತದೆ, ಸಾಲಗಾರರು ಬಾಗಿಲಲ್ಲಿರುತ್ತಾರೆ. ಈ ಗಡುವಿನ ಸಿಂಧುತ್ವ ಸುಪ್ರೀಂ ಕೋರ್ಟಿನ ಮುಂದಿದೆ. ನನ್ನ ಅಭಿಪ್ರಾಯ ಕೇಳಿದರೆ ಅದು ಹೋಗಬೇಕು. ಆದರೆ ಅದು ಹೋಗುತ್ತದೆಂದು ನಂಬಿ ಯಾರೂ ಕಾಯಬಾರದು. ಗಾಯಾಳು ತಾನು ವಾಸವಿರುವ ಊರಿನ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು. ಪುಣೆ ಹೆದ್ದಾರಿಯಲ್ಲಿ ಅಪಘಾತವಾದರೆ ಪುಣೆಗೇ ಹೋಗಬೇಕಿಲ್ಲ.

ನಮ್ಮ ವೃತ್ತಿಯ ಬಗ್ಗೆಯೂ ಎರಡು ಮಾತು ಆಡದಿದ್ದರೆ ಈ ದತ್ತಿಗೆ ದ್ರೋಹವಾಗುತ್ತದೆ. ಆಸ್ಪತ್ರೆಯ ತುರ್ತು ಘಟಕದ ಹೊರಗೆ ವಕಾಲತ್ತು ಹಿಡಿದು ನಿಲ್ಲುವ ಮಧ್ಯವರ್ತಿಗಳನ್ನು ಎಲ್ಲರೂ ನೋಡಿದ್ದೀರಿ. ಬರುವ ಪರಿಹಾರದಲ್ಲಿ ಇಷ್ಟು ಪರ್ಸೆಂಟ್ ಎಂದು ಮಾತಾಡಿಕೊಳ್ಳುವುದನ್ನು ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಆದರೂ ನಡೆಯುತ್ತದೆ. ಪರ್ಸೆಂಟಿನ ಮೇಲೆ ಕೇಸು ಹಿಡಿದವರಿಗೆ ಬೇಗ ಮುಗಿಸುವುದೇ ಲಾಭ. ಮೇಸ್ತ್ರಿಯನ್ನು ಕರೆಸುವ ತಾಳ್ಮೆ ಅವರಿಗಿರುವುದಿಲ್ಲ. ಇನ್ನೊಂದು ಕಡೆ, ಪರಿಹಾರ ಮಂಜೂರಾಗಿಯೂ ಪಡೆಯಲು ಯಾರೂ ಬಾರದ ದೊಡ್ಡ ಮೊತ್ತಗಳು ನ್ಯಾಯಮಂಡಳಿಗಳಲ್ಲಿ ಕೊಳೆಯುತ್ತಿರುವುದನ್ನು 2025ರಲ್ಲಿ ಸುಪ್ರೀಂ ಕೋರ್ಟು ತಾನಾಗಿಯೇ ಕೈಗೆತ್ತಿಕೊಂಡು, ಅರ್ಜಿಯಲ್ಲೇ ವಿಳಾಸ, ಬ್ಯಾಂಕ್ ಖಾತೆಯ ವಿವರ ತೆಗೆದುಕೊಳ್ಳುವಂತೆ ನಿರ್ದೇಶಿಸಬೇಕಾಯಿತು. ಕೇಸು ಗೆದ್ದದ್ದು ಕಕ್ಷಿದಾರನಿಗೇ ಗೊತ್ತಿಲ್ಲ ಎಂದರೆ ವಕೀಲ ಅವನ ಜೊತೆ ಎಷ್ಟು ಮಾತಾಡಿದ್ದಾನು?

ಆದ್ದರಿಂದ ಇಲ್ಲಿರುವ ಯುವ ವಕೀಲರಲ್ಲಿ ನನ್ನ ವಿನಂತಿ ಇಷ್ಟು. ಗಾಯಾಳು ನಿಮ್ಮ ಕಚೇರಿಗೆ ಬಂದಾಗ ಬಿಲ್ಲುಗಳ ಕಂತೆಯನ್ನು ಪಕ್ಕಕ್ಕಿಟ್ಟು, ಅಪಘಾತಕ್ಕೆ ಮುಂಚಿನ ಒಂದು ದಿನ ಬೆಳಿಗ್ಗೆ ಎದ್ದಾಗಿನಿಂದ ರಾತ್ರಿಯವರೆಗೆ ಏನೇನು ಮಾಡುತ್ತಿದ್ದೆ ಎಂದು ಕೇಳಿ ಬರೆದುಕೊಳ್ಳಿ. ಸಾಧ್ಯವಾದರೆ ಅವನು ಕೆಲಸ ಮಾಡುತ್ತಿದ್ದ ಜಾಗಕ್ಕೆ ಒಮ್ಮೆ ಹೋಗಿ ಬನ್ನಿ. ಆ ಕೆಲಸಗಳಲ್ಲಿ ಯಾವುದನ್ನು ಇನ್ನು ಮಾಡಲಾರ ಎಂದು ವೈದ್ಯರ ಬಾಯಿಂದ ಒಂದೊಂದಾಗಿ ಹೇಳಿಸಿ. ಅರ್ಜಿಯನ್ನು ಆರು ತಿಂಗಳೊಳಗೆ ಹಾಕಿ. ಸಾಕ್ಷಿಗಳ ಪಟ್ಟಿಯಲ್ಲಿ ವೈದ್ಯರ ಹೆಸರಿನ ಕೆಳಗೆ ಅವನ ಮೇಸ್ತ್ರಿಯ ಹೆಸರನ್ನೂ ಬರೆಯಿರಿ.